ನೇತಾಡುವ ಹನಿಯಲ್ಲಿ ನರದ ತುದಿ

ನನ್ನ ಮೇಜಿನ ಖಾನೆಯಲ್ಲಿ ನಡುವೆ ಗುಂಡಿ ಕೊರೆದ ಒಂದು ಗಾಜಿನ ಸ್ಲೈಡಿದೆ. ಮೂವತ್ತೊಂದು ವರ್ಷ ಜೂವಾಲಜಿ ಪಾಠ ಹೇಳಿ ನಿವೃತ್ತನಾದ ದಿನ ಲ್ಯಾಬಿನಿಂದ ತಂದದ್ದು ಇದೊಂದೇ. ಅಟೆಂಡರ್‌ಗೆ ಹೇಳಿಯೇ ತಂದೆ, ಕದ್ದದ್ದಲ್ಲ. ಬ್ಯಾಕ್ಟೀರಿಯಾ ಈಜುವುದನ್ನು ನೋಡಲು ಇಂಥ ಸ್ಲೈಡು ಬೇಕು. ಕವರ್ ಸ್ಲಿಪ್ಪಿನ ಮೇಲೆ ಒಂದು ಹನಿ ಹಾಕಿ ಮಗುಚಿದರೆ, ಹನಿ ಗುಂಡಿಯೊಳಗೆ ನೇತಾಡುತ್ತದೆ. ನರವೊಂದು ಬೆಳೆಯುವುದನ್ನು ಮನುಷ್ಯ ಮೊದಲ ಸಲ ಕಣ್ಣಾರೆ ಕಂಡದ್ದು ಇಷ್ಟೇ ಸಾಮಾನಿನಲ್ಲಿ.

ಅದಕ್ಕೆ ಮುಂಚೆ ಬರೀ ಜಗಳ. ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಹೋಗುವ ನರ ಹುಟ್ಟುವುದು ಹೇಗೆ? ಸಾಲಾಗಿ ನಿಂತ ಕೋಶಗಳು ಒಂದಕ್ಕೊಂದು ಬೆಸೆದು ನರವಾಗುತ್ತವೆ ಎಂದು ಕೆಲವರು. ಭ್ರೂಣದಲ್ಲಿ ಮೊದಲಿನಿಂದಲೇ ಸಣ್ಣ ಸೇತುವೆಗಳಿರುತ್ತವೆ, ಅವೇ ಆಮೇಲೆ ನರವಾಗುತ್ತವೆ ಎಂದು ಜರ್ಮನಿಯ ಹೆನ್ಸನ್. ಒಂದೇ ಕೋಶ ತನ್ನ ಮೈಯಿಂದ ಎಳೆ ಚಾಚುತ್ತ ಅಷ್ಟು ದೂರ ಹೋಗುತ್ತದೆ ಎಂದು ವಿಲ್ಹೆಲ್ಮ್ ಹಿಸ್. ಕೊನೆಯದು ಆಗ ನಂಬುವ ಮಾತಾಗಿರಲಿಲ್ಲ.

ಹಿಸ್ ಪಕ್ಷಕ್ಕೆ ಬಲ ಬಂದದ್ದು ಸ್ಪೇನಿನಿಂದ. ಸಾಂಟಿಯಾಗೊ ರಾಮೊನ್ ಇ ಕಹಾಲ್‌ಗೆ ಹುಡುಗನಾಗಿದ್ದಾಗ ಚಿತ್ರ ಬರೆಯುವ ಹುಚ್ಚು. ಬುದ್ಧಿ ಬರಲಿ ಎಂದು ಅಪ್ಪ ಅವನನ್ನು ಕ್ಷೌರದಂಗಡಿಯಲ್ಲೂ ಚಪ್ಪಲಿ ಹೊಲಿಯುವವನ ಹತ್ತಿರವೂ ಕೆಲಸಕ್ಕೆ ಬಿಟ್ಟಿದ್ದ. ಬುದ್ಧಿ ಬಂತು, ಹುಚ್ಚು ಹೋಗಲಿಲ್ಲ. ಇಟಲಿಯ ಗಾಲ್ಜಿ ಕಂಡುಹಿಡಿದ ಬೆಳ್ಳಿಯ ಬಣ್ಣವನ್ನು ಕೋಳಿಭ್ರೂಣದ ಬೆನ್ನುಹುರಿಗೆ ಹಾಕಿ, 1890ರಲ್ಲಿ ಎಳೆಯ ತುದಿಯಲ್ಲಿ ಒಂದು ಉಬ್ಬು ಕಂಡ. ಮುಳ್ಳುಮುಳ್ಳಾದ, ಹಸ್ತದಂಥ ಉಬ್ಬು. ಬೆಳವಣಿಗೆಯ ಶಂಕು ಎಂದು ಹೆಸರಿಟ್ಟ. ನೋಡಿದ್ದು ಸತ್ತ ಚೂರು. ಆದರೂ ಇದು ಜೀವಂತವಿದ್ದಾಗ ಅಮೀಬಾದ ಹಾಗೆ ಹರಿದಾಡುತ್ತ ದಾರಿ ಮಾಡಿಕೊಳ್ಳುತ್ತದೆ ಎಂದು ಧೈರ್ಯವಾಗಿ ಹೇಳಿಬಿಟ್ಟ. ಚಿತ್ರಗಾರನ ಕಣ್ಣು! 1906ರಲ್ಲಿ ಕಹಾಲ್ ಮತ್ತು ಗಾಲ್ಜಿ ಇಬ್ಬರಿಗೂ ಸೇರಿಸಿ ನೊಬೆಲ್ ಕೊಟ್ಟರು. ಗಾಲ್ಜಿ ಅದೇ ವೇದಿಕೆಯಲ್ಲಿ ನಿಂತು ಕಹಾಲ್ ನಂಬಿದ್ದ ಸಿದ್ಧಾಂತವನ್ನೇ ಅಲ್ಲಗಳೆದ.

ಮರುವರ್ಷವೇ, 1907ರಲ್ಲಿ, ಅಮೆರಿಕದ ರಾಸ್ ಹ್ಯಾರಿಸನ್ ಜಗಳ ಮುಗಿಸಿದ. ಕಪ್ಪೆಯ ಭ್ರೂಣದಲ್ಲಿ ನರದ ಎಳೆ ಇನ್ನೂ ಮೂಡದ ಹಂತದಲ್ಲೇ ನರನಾಳದ ಒಂದು ತುಣುಕು ಕತ್ತರಿಸಿದ. ದೊಡ್ಡ ಕಪ್ಪೆಯಿಂದ ತೆಗೆದ ದುಗ್ಧರಸದ ಹನಿಯಲ್ಲಿ ಅದನ್ನಿಟ್ಟ. ರಸ ಹೆಪ್ಪುಗಟ್ಟಿತು, ಮೊಸರಿನಲ್ಲಿ ಕಡಲೆ ಸಿಕ್ಕಿಕೊಂಡ ಹಾಗೆ ತುಣುಕು ನಿಂತಿತು. ಮಗುಚಿ, ಗುಂಡಿಯ ಮೇಲೆ ಕೂರಿಸಿ, ಅಂಚಿಗೆ ಪ್ಯಾರಾಫಿನ್ ಮೆತ್ತಿದ. ತುಣುಕಿನಿಂದ ಎಳೆಗಳು ಹೊರಟವು. ಸುತ್ತ ಸೇತುವೆಯೂ ಇಲ್ಲ, ಕೋಶಗಳ ಸಾಲೂ ಇಲ್ಲ, ಬರೀ ಹೆಪ್ಪು. ತುದಿಯಲ್ಲಿ ಕಹಾಲ್ ಹೇಳಿದ ಹಸ್ತ, ಅದರಿಂದ ಕೂದಲಿನಂಥ ಬೆರಳುಗಳು ಚಾಚುತ್ತಲೂ ಮಡಚಿಕೊಳ್ಳುತ್ತಲೂ ಇದ್ದವು. ದೇಹದ ಹೊರಗೆ ಅಂಗಾಂಶ ಬೆಳೆಸುವ ವಿದ್ಯೆಗೇ ಈ ಹನಿ ಮೂಲವಾಯಿತು. ಹ್ಯಾರಿಸನ್‌ಗೆ ಮಾತ್ರ ನೊಬೆಲ್ ಸಿಗಲೇ ಇಲ್ಲ. ನನ್ನನ್ನು ಕೇಳಿದರೆ ಅದು ಅನ್ಯಾಯ.

1984ರ ಮುಂಗಾರಿನಲ್ಲಿ ನಾನೂ ಇದನ್ನು ಮಾಡಹೊರಟೆ. ನಮ್ಮ ಮಲೆನಾಡಿನ ಗದ್ದೆನೀರಿನಲ್ಲಿ ಕಪ್ಪೆಮೊಟ್ಟೆಗೇನು ಬರ? ಹೊಲಿಗೆಸೂಜಿ ಮಸೆದು ಚಾಕು ಮಾಡಿಕೊಂಡೆ, ಸ್ಪಿರಿಟ್ ದೀಪದಲ್ಲಿ ಎಲ್ಲವನ್ನೂ ಸುಟ್ಟುಕೊಂಡೆ. ಮೂರನೇ ದಿನ ಬೆಳಿಗ್ಗೆ ಕೊನೆ ವರ್ಷದ ಹುಡುಗಿಯೊಬ್ಬಳು, "ಸಾರ್, ನರ ಬಂದಿದೆ ಬನ್ನಿ!" ಎಂದು ಕೂಗಿದಳು. ಓಡಿಹೋಗಿ ಬಗ್ಗಿ ನೋಡಿದೆ. ತೆಳ್ಳನೆಯ ಎಳೆ, ಸೊಗಸಾಗಿ ಕವಲೊಡೆದಿತ್ತು. ಹತ್ತು ನಿಮಿಷ ನಾನೂ ನಂಬಿದೆ. ಆಮೇಲೆ ಎಳೆಯ ಉದ್ದಕ್ಕೂ ಅಡ್ಡಗೋಡೆಗಳು ಕಂಡವು. ಬೂಷ್ಟು! ಮಳೆಗಾಲದ ಮಲೆನಾಡಿನಲ್ಲಿ ಉಪ್ಪಿನಕಾಯಿಯನ್ನೇ ಬಿಡದ ಬೂಷ್ಟು ನನ್ನ ಹನಿಯನ್ನು ಬಿಡುತ್ತದೆಯೇ?

ತಮಾಷೆ ಏನೆಂದರೆ, ನರದ ತುದಿಯ ಆ ಬೆರಳುಗಳನ್ನು ಚಾಚಿಸುವ ಪ್ರೊಟೀನ್ ಯಾವುದು ಎಂಬ ಗುಟ್ಟು ಬಿಟ್ಟುಕೊಟ್ಟದ್ದೂ ಬೂಷ್ಟೇ. ಸೈಟೊಕಲಾಸಿನ್ ಎಂಬ ವಿಷ ಅದರಿಂದ ಬರುತ್ತದೆ. 1970ರಲ್ಲಿ ಯಮಾಡ, ಸ್ಪೂನರ್, ವೆಸೆಲ್ಸ್ ಎಂಬ ಮೂವರು ಕೋಳಿಭ್ರೂಣದ ನರಕೋಶಗಳಿಗೆ ಅದನ್ನು ಹಾಕಿದರು. ತುದಿಯ ಬೆರಳುಗಳು ಮಾಯವಾದವು, ಬೆಳವಣಿಗೆ ನಿಂತಿತು, ಆದರೆ ಅಲ್ಲಿಯವರೆಗೆ ಬೆಳೆದ ಎಳೆ ಹಾಗೇ ಉಳಿಯಿತು. ಕಾಲ್ಚಿಸಿನ್ ಎಂಬ ಇನ್ನೊಂದು ವಿಷ ಹಾಕಿದಾಗ ತಿರುವುಮುರುವು: ತುದಿ ಇನ್ನೂ ಆಡುತ್ತಿದೆ, ಹಿಂದಿನ ಎಳೆ ಕುಗ್ಗುತ್ತಿದೆ. ಈ ಕಾಲ್ಚಿಸಿನ್ ನಮ್ಮ ಬೇಲಿಯ ಗೌರಿಹೂವಿನ ಗೆಡ್ಡೆಯಲ್ಲೂ ಇದೆ. ಆ ಗೆಡ್ಡೆ ಮುಟ್ಟಬೇಡ ಎಂದು ಅಮ್ಮ ಸುಮ್ಮನೆ ಗದರುತ್ತಿರಲಿಲ್ಲ. ಅಂತೂ ಒಳಗೆ ಎರಡು ಬಗೆಯ ಸಾಮಾನು ಇದೆ ಎಂದಾಯಿತು. ಕಾಂಡಕ್ಕೆ ಮೈಕ್ರೊಟ್ಯೂಬ್ಯೂಲ್ ಎಂಬ ಕೊಳವೆ, ಬೆರಳಿಗೆ ಆಕ್ಟಿನ್ ಎಂಬ ಎಳೆ. ಆಕ್ಟಿನ್ ಹೊಸಬನಲ್ಲ, 1942ರಲ್ಲೇ ಹಂಗೆರಿಯ ಸ್ಟ್ರೌಬ್ ಅದನ್ನು ಸ್ನಾಯುವಿನಿಂದ ತೆಗೆದಿದ್ದ. ತೋಳು ಎತ್ತಿಸುವ ಪ್ರೊಟೀನೇ ನರದ ತುದಿಯಲ್ಲೂ ಕೂತಿತ್ತು.

ಬೆಳೆಯುವ ನರವನ್ನು ಹೊರಗಿನಿಂದ ಕರೆಯುವ ಪ್ರೊಟೀನಿನ ಕಥೆ, ಅಂದರೆ ರೀಟಾ ಲೆವಿ-ಮೊಂಟಾಲ್ಚಿನಿಯ ಕಥೆ, ಬೇರೆಯೇ ಇದೆ. ಅದನ್ನು ಹೇಳುವವರು ಬಹಳ ಜನರಿದ್ದಾರೆ, ನಾನು ಬಿಡುತ್ತೇನೆ.

ನನ್ನ ಕುತೂಹಲ ಅದಕ್ಕಿಂತ ಮೊದಲಿನ ಗಳಿಗೆಯದು. ಹುಟ್ಟಿದಾಗ ನರಕೋಶ ಗೋಲಿಯ ಹಾಗೆ ಗುಂಡಗಿರುತ್ತದೆ. ಮೊದಲ ಚಾಚು ಹೊರಡುವುದು ಹೇಗೆ? 2007ರಲ್ಲಿ ಆಕ್ಟಿನ್ ಎಳೆಯನ್ನು ಉದ್ದ ಮಾಡುವ ಎನಾ/ವ್ಯಾಸ್ಪ್ ಕುಟುಂಬದ ಮೂರೂ ಪ್ರೊಟೀನುಗಳಿಲ್ಲದ ಇಲಿಗಳಲ್ಲಿ ನೋಡಿದರು. ಮಿದುಳಿನ ಹೊರಪದರದ ನರಕೋಶಗಳು ಬೆರಳು ಚಾಚದೆ, ಎಳೆಯನ್ನೂ ಬಿಡದೆ ಗುಂಡಗೇ ಉಳಿದವು. ಬೇರೆ ಪ್ರೊಟೀನಿನಿಂದ ಬೆರಳು ಮೂಡಿಸಿದಾಗ ಎಳೆಯೂ ಬಂತು. ಬೆರಳು ಮೊದಲು, ಎಳೆ ಆಮೇಲೆ.

ಆದರೆ ಒಳಗಿನ ಎಳೆ ತಳ್ಳಿದರಷ್ಟೇ ಸಾಲದು, ಪೊರೆಯೂ ಬಾಗಬೇಕು. ಅದಕ್ಕೆ ಬಾರ್ ಪ್ರೊಟೀನುಗಳೆಂಬ ಇನ್ನೊಂದು ಕುಟುಂಬವಿದೆ. ಇವುಗಳ ಆಕಾರವೇ ಬಾಳೆಹಣ್ಣಿನದು; ಪೊರೆಗೆ ಅಂಟಿ ತಮ್ಮ ಬಾಗಿನಂತೆ ಅದನ್ನೂ ಬಗ್ಗಿಸುತ್ತವೆ. ಇವುಗಳಲ್ಲಿ ಎಫ್-ಬಾರ್ ಎಂಬ ಕವಲು ಪೊರೆಯನ್ನು ಒಳಕ್ಕೆ ಬಗ್ಗಿಸುವ ಜಾತಿ ಎಂಬ ಮಾತಿತ್ತು. 2009ರಲ್ಲಿ ಅದೇ ಕವಲಿನ ಎಸ್‌ಆರ್‌ಗ್ಯಾಪ್2 ಎಂಬುದು ಹೊರಕ್ಕೆ ತಳ್ಳಿ ಬೆರಳು ಮೂಡಿಸುವುದು ಕಂಡಿತು. 2012ರಲ್ಲಿ ಸಿಪ್4 ಎಂಬ ದಾಯಾದಿ ಅದಕ್ಕೆ ವಿರುದ್ಧ ಎಂದು ತಿಳಿಯಿತು. ಅದು ಬೆರಳಿನ ಬದಲು ದೋಸೆಯಂಚಿನಂಥ ಅಗಲ ಹಾಳೆ ಹರಡಿಸಿ ಎಳೆ ಹೊರಡುವುದನ್ನೇ ತಡೆಯುತ್ತದೆ. ಅದನ್ನು ತೆಗೆದ ಇಲಿಯ ನರಕೋಶಗಳು ಎಳೆಯನ್ನು ಬೇಗ ಬಿಟ್ಟವು.

ಅದೇ ವರ್ಷ ಇನ್ನೊಂದು ಸಂಗತಿ ಹೊರಬಿತ್ತು. ಎಸ್‌ಆರ್‌ಗ್ಯಾಪ್2ರ ಜೀನ್ ಮನುಷ್ಯನ ವಂಶದಲ್ಲಿ ಮಾತ್ರ ನಕಲಾಗಿದೆ. ಚಿಂಪಾಂಜಿಗೆ ಈ ನಕಲಿಲ್ಲ. ನಕಲು ಅರೆಬರೆ, ಮೂಲದ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ, ಆದ್ದರಿಂದ ನಮ್ಮ ನರಕೋಶದ ಸಂಪರ್ಕದ ಮುಳ್ಳುಗಳು ನಿಧಾನವಾಗಿ ಬಲಿಯುತ್ತವೆ.

ಸ್ಲೈಡು ಖಾನೆಯಲ್ಲೇ ಇದೆ. ಮಾಡಿ ನೋಡುತ್ತೇವೆ ಎನ್ನುವ ಕಾಲೇಜು ಹುಡುಗರು ಯಾರಾದರೂ ಇದ್ದರೆ ಬಂದು ಒಯ್ಯಿರಿ. ಮಳೆಗಾಲ ಮಾತ್ರ ಬೇಡ.