ಮೆಣಸಿನಕಾಯಿ ಬರುವ ಮೊದಲಿನ ನಿವಾಳಿ: ಮನೆಯೊಳಗಿನ ಮಾಂತ್ರಿಕ ಉಪಚಾರದ ಚರಿತ್ರೆ

ಕರ್ನಾಟಕದ ಜನಪದ ವೈದ್ಯ ಕುರಿತ ಬರವಣಿಗೆಯಲ್ಲಿ ಮಂತ್ರವಾದಿಗೆ ಸಿಕ್ಕ ಜಾಗ ಮನೆಯ ಅಜ್ಜಿಗೆ ಸಿಕ್ಕಿಲ್ಲ. ಮಂತ್ರವಾದಿಯ ಬಳಿ ಓಲೆಗರಿಯಿತ್ತು, ಯಂತ್ರ ಬರೆದ ತಗಡಿತ್ತು. ಅಜ್ಜಿಯ ಬಳಿ ಇದ್ದದ್ದು ಅಡುಗೆಮನೆಯ ಸಾಮಾನು. ಪಠ್ಯವೇ ಇಲ್ಲದ ಈ ಉಪಚಾರದ ಕಾಲವನ್ನು ಅಂದಾಜು ಮಾಡಬೇಕಾದರೆ, ಅದರಲ್ಲಿ ಬಳಕೆಯಾಗುವ ಪದಾರ್ಥಗಳನ್ನೇ ದಾಖಲೆಗಳೆಂದು ಓದಬೇಕು.

ದೃಷ್ಟಿ ತೆಗೆಯುವುದನ್ನೇ ನೋಡೋಣ. ಕೂಸು ಹಾಲು ಬಿಟ್ಟು ಮುಸ್ಸಂಜೆಯಲ್ಲಿ ಒಂದೇ ಸಮನೆ ಅಳತೊಡಗಿದರೆ, ಹಿರಿಯ ಹೆಂಗಸು ಮುಷ್ಟಿಯಲ್ಲಿ ಕಲ್ಲುಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ತಲೆಯಿಂದ ಕಾಲಿನವರೆಗೆ ಮೂರು ಸಲ ನಿವಾಳಿಸುತ್ತಾಳೆ. ಊರವರ ಕಣ್ಣು, ನೆಂಟರ ಕಣ್ಣು, ಹೆತ್ತವಳ ಕಣ್ಣು ಎಂದು ಹೆಸರು ಹೇಳುತ್ತಾ ಹೋಗುತ್ತಾಳೆ. ಕೊನೆಗೆ ಮುಷ್ಟಿಯಲ್ಲಿದ್ದುದನ್ನು ಕೆಂಡಕ್ಕೆ ಹಾಕುತ್ತಾಳೆ. ಉಪ್ಪು ಚಟಚಟ ಸಿಡಿಯುತ್ತದೆ. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲವೆಂದರೆ ದೃಷ್ಟಿ ಬಲವಾಗಿಯೇ ತಾಗಿತ್ತೆಂದು ತೀರ್ಮಾನ.

ಈ ಮೂರರಲ್ಲಿ ಮೆಣಸಿನಕಾಯಿಯ ವಯಸ್ಸು ನಮಗೆ ಗೊತ್ತು. ಅಮೆರಿಕ ಖಂಡದ ಈ ಬೆಳೆ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂತು. ಅಂದರೆ ನಾವು ಅನಾದಿಯೆಂದು ನಂಬಿರುವ ನಿವಾಳಿಯ ಈ ರೂಪಕ್ಕೆ ಐನೂರು ವರ್ಷಕ್ಕಿಂತ ಹೆಚ್ಚಿನ ಪ್ರಾಯವಿಲ್ಲ. ಉಪ್ಪು, ಸಾಸಿವೆಗಳ ಕಥೆ ಬೇರೆ. ಗಾಯಾಳುವಿನ ಆರೈಕೆ ಹೇಳುವ ಸುಶ್ರುತ ಸಂಹಿತೆಯ ಅಧ್ಯಾಯವು ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಹೊಗೆಯನ್ನು ದಿನಕ್ಕೆರಡು ಬಾರಿ ಹತ್ತು ದಿನ ಹಾಕಬೇಕೆನ್ನುತ್ತದೆ. ರಕ್ತಮಾಂಸದ ಆಸೆಗೆ ಗಾಯಾಳುವಿನ ಬಳಿ ಬರುವ ರಾಕ್ಷಸರನ್ನು ದೂರವಿಡುವುದು ಅದರ ಉದ್ದೇಶ. ಚರಕ ಸಂಹಿತೆಯಲ್ಲಿ ಬಜೆ, ಇಂಗು, ಸಾಸಿವೆ, ಬೆಳ್ಳುಳ್ಳಿ ಮೊದಲಾದವುಗಳ ಗಂಟನ್ನು ಬಾಣಂತಿ ಕೋಣೆಯ ಬಾಗಿಲ ಮೇಲೂ ತಾಯಿ ಮಗುವಿನ ಕೊರಳಿಗೂ ಕಟ್ಟುವ ವಿಧಿಯಿದೆ. ಬಜೆಯ ತುಂಡನ್ನು ದಾರಕ್ಕೆ ಪೋಣಿಸಿ ಕೂಸಿನ ಕೈಗೆ ಕಟ್ಟುವ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ.

ಇದು ಗ್ರಂಥದಿಂದ ಮನೆಗೆ ಇಳಿದ ವಿದ್ಯೆಯೆಂದು ಹೇಳುವುದು ವಾಡಿಕೆ. ನನಗೆ ಅದಕ್ಕೆ ವಿರುದ್ಧವಾದುದೇ ಹೆಚ್ಚು ಸಂಭವವೆನಿಸುತ್ತದೆ. ಗಿಡಮೂಲಿಕೆಗಳ ಹೆಸರು, ರೂಪಗಳನ್ನು ಆಡು ಕುರಿ ಕಾಯುವವರೂ ಕಾಡಿನಲ್ಲಿರುವವರೂ ಬಲ್ಲರೆಂದು ಚರಕ ಸಂಹಿತೆಯೇ ಒಪ್ಪುತ್ತದೆ. ಬಾಣಂತಿ ಕೋಣೆಯ ಗಂಟನ್ನು ಕಟ್ಟಿದವರು ಹೆಂಗಸರು; ವೈದ್ಯರು ಅದನ್ನು ಬರೆದಿಟ್ಟರು.

ಕನ್ನಡದ ಗ್ರಂಥಗಳಲ್ಲೂ ಮದ್ದು, ಮಂತ್ರಗಳ ನಡುವೆ ಗೋಡೆಯಿರಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ 12ನೆಯ ಶತಮಾನದ 'ಗೋವೈದ್ಯ'ದಲ್ಲಿ ಅವೆರಡೂ ಬೆರೆತಿವೆ. 14ನೆಯ ಶತಮಾನದ ಮಂಗರಾಜ ವಿಷಚಿಕಿತ್ಸೆಗೆಂದೇ 'ಖಗೇಂದ್ರಮಣಿದರ್ಪಣ' ಬರೆದ.

ಮನೆಯ ಉಪಚಾರ ಅತ್ಯಂತ ಕಟ್ಟುನಿಟ್ಟಾಗಿದ್ದದ್ದು ಸಿಡುಬು ಬಂದಾಗ. ಅದನ್ನು ರೋಗವೆನ್ನುವಂತಿರಲಿಲ್ಲ; ಮನೆಗೆ ಅಮ್ಮ ಬಂದಿದ್ದಾಳೆ ಎನ್ನಬೇಕಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಹೊರಗಿನವರು ಹೊಸ್ತಿಲು ದಾಟುತ್ತಿರಲಿಲ್ಲ. ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ. ಮೈ ಉರಿ, ನವೆಗೆ ಬೇವಿನ ಎಸಳಿನಿಂದ ಮೆಲ್ಲಗೆ ಸವರುತ್ತಿದ್ದರು. ಹೊಪ್ಪಳೆ ಉದುರಿದ ಮೇಲೆ ಬೇವು ಅರಿಶಿನದ ನೀರು ಹಾಕಿ, ಮಾರಮ್ಮನಿಗೆ ಮೊಸರನ್ನದ ತಂಪು ಒಪ್ಪಿಸುತ್ತಿದ್ದರು. ಇದರಿಂದ ಸಿಡುಬು ವಾಸಿಯಾಗುತ್ತಿರಲಿಲ್ಲ. ಆದರೆ ಸೋಂಕಿನ ಮನೆಗೆ ಜನ ಬರದಂತೆ ತಡೆದದ್ದು, ರೋಗಿಯ ಪಕ್ಕದಲ್ಲಿ ಒಬ್ಬರು ಬಿಡದೆ ಕೂತದ್ದು ಸಣ್ಣ ಉಪಕಾರವಲ್ಲ.

ಅಮ್ಮನನ್ನು ನಿಜವಾಗಿ ಕಳುಹಿಸಿಕೊಟ್ಟದ್ದು ಲಸಿಕೆ. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದನೆನ್ನಲಾದ ಚಿತ್ರವೊಂದರಲ್ಲಿ ಮೈಸೂರು ಅರಮನೆಯ ಎಳೆಯ ರಾಣಿಯೊಬ್ಬಳು ಸೆರಗು ಸರಿಸಿ ತೋಳಿನತ್ತ ಬೆರಳು ತೋರುತ್ತಾಳೆ. ಅದು ಲಸಿಕೆಯ ಪ್ರಚಾರಕ್ಕೆ ಬರೆಸಿದ ಚಿತ್ರವೆಂಬುದು ಚರಿತ್ರಕಾರ ನೈಜಲ್ ಚಾನ್ಸಲರ್ ಅವರ ಅಭಿಪ್ರಾಯ. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಕಂಡುಬಂತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಬೇವಿನ ಸೊಪ್ಪು ಮಾತ್ರ ಈಗ ಸೀತಾಳೆ ಸಿಡುಬಿನ ಮನೆಯ ಬಾಗಿಲಿಗೆ ಬಂದಿದೆ.

ಎಲ್ಲ ಆಚರಣೆಗಳನ್ನೂ ಇದೇ ಕರುಣೆಯಿಂದ ನೋಡಲಾಗದು. ಕಾಮಾಲೆಯೆಂದು ಹಸುಗೂಸಿಗೆ ಬರೆ ಹಾಕುವುದು ಹಿಂಸೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿ ಮಂತ್ರಿಸುತ್ತಾ ಕೂತರೆ, ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾಗಬೇಕಾದ ಔಷಧದ ಹೊತ್ತು ಮೀರುತ್ತದೆ. ನಾಯಿ, ಹಾವು, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕಿಸುವುದನ್ನು ವಾಮಾಚಾರ ತಡೆಯುವ ಕರ್ನಾಟಕದ 2017ರ ಕಾಯ್ದೆ ಅಪರಾಧವೆಂದು ಎಣಿಸಿರುವುದು ಸರಿಯಾಗಿಯೇ ಇದೆ.

ನಮ್ಮ ಜಾನಪದ ವಿಭಾಗಗಳು ಹಾಡು, ಕಥೆಗಳನ್ನು ಶ್ರದ್ಧೆಯಿಂದ ಕೂಡಿಹಾಕಿವೆ. ಮುಷ್ಟಿಯಲ್ಲಿ ಏನೇನು ಹಿಡಿಯುತ್ತಾರೆ, ಎಷ್ಟು ಸಲ ಸುತ್ತುತ್ತಾರೆ, ಸುಟ್ಟದ್ದನ್ನು ಎಲ್ಲಿ ಚೆಲ್ಲುತ್ತಾರೆ ಎಂಬುದನ್ನು ಊರೂರಿನಲ್ಲಿ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕು. ಕೆಂಡದ ಒಲೆ ಮನೆಗಳಿಂದ ಹೋಗುತ್ತಿದೆ. ಕಂಡು ಮಾಡಿದ ಅಜ್ಜಿಯರು ಇರುವಾಗಲೇ ಈ ಕೆಲಸ ಆಗಲಿ.