ಒತ್ತು ಉದುರಿದ ಶ್ರದ್ಧಾಂಜಲಿ: ಅಕ್ಷರ ಚಲಿಸಲು ಕಲಿತ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ತೀರಿಕೊಂಡಿದ್ದರು. ಊರಿಗೆಲ್ಲ ಬೇಕಾದವರು. ಅವರ ನೆನಪಿಗೆ ಒಂದು ನಿಮಿಷದ ವಿಡಿಯೊ ಮಾಡಿಕೊಡಿ ಎಂದು ಮಗ ಕೇಳಿದರು. ನಾವು ರಾತ್ರಿಯೆಲ್ಲ ಕೂತು ಫೋಟೊ ಜೋಡಿಸಿದೆವು. ಕೊನೆಗೆ ಹೆಸರಿನ ಅಕ್ಷರಗಳು ಒಂದೊಂದಾಗಿ ಮೂಡಿ ಬರುವಂತೆ ಮಾಡಿ, ಸರಿಯಾಗಿ ನೋಡದೆ ಕಳಿಸಿಬಿಟ್ಟೆವು. ಮರುದಿನ ಫೋನ್ ಬಂತು.

"ವಿಡಿಯೊ ಚಲೋ ಐತ್ರಿ. ಆದ್ರ ಅಪ್ಪನ ಹೆಸರು ಮುರದೈತಲ್ರೀ."

ತೆರೆದು ನೋಡಿದರೆ ನಿಜ. "ಭಾವಪೂರ್ಣ ಶ್ರದ್ಧಾಂಜಲಿ" ಎನ್ನುವುದು "ಭಾವಪೂರ್‌ಣ ಶ್‌ರದ್‌ಧಾಂಜಲಿ" ಎಂದಾಗಿತ್ತು. ಹಿರಿಯರ ಹೆಸರಿನಲ್ಲಿದ್ದ ಒತ್ತಕ್ಷರಕ್ಕೂ ಅದೇ ಗತಿ. ಟೈಪ್ ಮಾಡುವಾಗ ನಾವು ತಪ್ಪಿರಲಿಲ್ಲ. ಹಾಗಾದರೆ ಮುರಿದದ್ದು ಎಲ್ಲಿ? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆ ಇದು.

ಕೈಯಲ್ಲಿ ಬರೆದ ಕಾಲ

ಸಿನಿಮಾದ ಹಳೆಯ ಹೆಸರುಪಟ್ಟಿಗಳನ್ನು ಕಲಾವಿದರು ಹಲಗೆಯ ಮೇಲೋ ಕಾರ್ಡಿನ ಮೇಲೋ ಬರೆಯುತ್ತಿದ್ದರು. ಅದನ್ನು ಕ್ಯಾಮೆರಾ ಮುಂದಿಟ್ಟು ಚಿತ್ರ ತೆಗೆದರೆ ಆಯಿತು. ಕುಂಚ ಹಿಡಿದವರಿಗೆ ಭಾಷೆ ಗೊತ್ತಿದ್ದರೆ ಸಾಕು, ಒತ್ತು ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತಿತ್ತು.

ನಿಂತಿದ್ದ ಅಕ್ಷರಕ್ಕೆ ಚಲನೆ ಕೊಟ್ಟವರಲ್ಲಿ ದೊಡ್ಡ ಹೆಸರು ಅಮೆರಿಕದ ಸಾಲ್ ಬಾಸ್. 1960ರ 'ಸೈಕೋ' ಸಿನಿಮಾದಲ್ಲಿ ಅವರು ಹೆಸರುಗಳನ್ನು ಅಡ್ಡಡ್ಡ ಸೀಳಿ, ಮತ್ತೆ ಕೂಡಿಸಿ, ಮತ್ತೆ ಸೀಳಿದರು. ಕಥೆ ಶುರುವಾಗುವ ಮೊದಲೇ ನೋಡುವವರಿಗೆ ಭಯ ಹುಟ್ಟಬೇಕಿತ್ತು. ಅಲ್ಲಿ ಅಕ್ಷರ ಮುರಿದದ್ದು ಬೇಕೆಂದೇ.

ಅದೇ ಕಾಲದ ಇನ್ನೊಬ್ಬರು ಜಾನ್ ವಿಟ್ನಿ. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನಕ್ಕೆ ಗುರಿ ಹಿಡಿಯಲು ಬಳಸುತ್ತಿದ್ದ ಯಂತ್ರ ಯುದ್ಧ ಮುಗಿದ ಮೇಲೆ ಗುಜರಿಗೆ ಬಿದ್ದಿತ್ತು. ಅದನ್ನು ತಂದು, ಚಿತ್ರಗಳನ್ನು ತಿರುಗಿಸುವ ಯಂತ್ರವಾಗಿ ಮಾಡಿಕೊಂಡರು. 1960ರಲ್ಲಿ ಅವರು ಕಟ್ಟಿದ ಕಂಪನಿಯ ಹೆಸರು ಮೋಷನ್ ಗ್ರಾಫಿಕ್ಸ್. ಇಂದು ಈ ಕೆಲಸಕ್ಕೇ ಆ ಹೆಸರಿದೆ.

1960ರ ದಶಕದ ಕೊನೆಗೆ ಡೆನ್ವರ್ ನಗರದಲ್ಲಿ ಲೀ ಹ್ಯಾರಿಸನ್ ಎಂಬುವರು ಸ್ಕ್ಯಾನಿಮೇಟ್ ಎಂಬ ಯಂತ್ರ ತಯಾರಿಸಿದರು. ಪಾರದರ್ಶಕ ಹಾಳೆಯ ಮೇಲೆ ಅಕ್ಷರ ಬರೆದು ಹಿಂದಿನಿಂದ ಬೆಳಕು ಬಿಡಬೇಕು, ಕ್ಯಾಮೆರಾ ಅದನ್ನು ಓದಿ ಪರದೆಗೆ ಕಳಿಸುತ್ತದೆ. ಆಮೇಲೆ ಗುಬಟ ತಿರುವಿದಂತೆ ಅಕ್ಷರ ಹಿಗ್ಗುತ್ತದೆ, ಕುಗ್ಗುತ್ತದೆ, ಅಲೆಯಂತೆ ಬಳುಕುತ್ತದೆ. ಟಿವಿ ಜಾಹೀರಾತುಗಳ ಹೊಳೆಯುವ ಅಕ್ಷರಗಳು ಹೀಗೆ ಬಂದವು. ಒಂದು ಮಾತು ಗಮನಿಸಿ. ಈ ಯಂತ್ರಕ್ಕೆ ಅಕ್ಷರವೆಂದರೆ ಬರೀ ಚಿತ್ರ. ಕನ್ನಡದ "ಸ್ತ್ರೀ" ಬರೆದು ಕೊಟ್ಟಿದ್ದರೂ ಅದು ಇಡಿಯಾಗಿಯೇ ಕುಣಿಯುತ್ತಿತ್ತು.

ಕೆಲಸ ಕಂಪ್ಯೂಟರ್‌ಗೆ ಬಂತು

ಹಳೆಯ ಕಾರ್ಟೂನ್ ಸ್ಟುಡಿಯೊಗಳಲ್ಲಿ ಹಿರಿಯ ಕಲಾವಿದರು ಮುಖ್ಯ ಚಿತ್ರಗಳನ್ನಷ್ಟೇ ಬರೆಯುತ್ತಿದ್ದರು, ನಡುವಿನವನ್ನು ಕಿರಿಯರು ತುಂಬುತ್ತಿದ್ದರು. ಕಂಪ್ಯೂಟರ್ ಈ ಕಿರಿಯರ ಕೆಲಸ ವಹಿಸಿಕೊಂಡಿತು. ಅಕ್ಷರ ಮೊದಲು ಎಲ್ಲಿರಬೇಕು, ಎರಡು ಸೆಕೆಂಡ್ ಆದ ಮೇಲೆ ಎಲ್ಲಿರಬೇಕು ಎಂದು ಎರಡು ಗುರುತು ಹಾಕಿದರೆ ಸಾಕು. ಸೆಕೆಂಡಿಗೆ 25 ಫ್ರೇಮಿನಂತೆ ನಡುವಿನ ಹಾದಿಯನ್ನು ಅದೇ ಲೆಕ್ಕ ಹಾಕಿ ತುಂಬುತ್ತದೆ. ಈ ಗುರುತಿಗೆ ಕೀಫ್ರೇಮ್ ಎನ್ನುತ್ತಾರೆ.

1993ರಲ್ಲಿ ಆಫ್ಟರ್ ಎಫೆಕ್ಟ್ಸ್ ಬಂತು. ಅಲ್ಲಿಯವರೆಗೆ ದುಬಾರಿ ಯಂತ್ರಗಳು ಮಾಡುತ್ತಿದ್ದ ಕೆಲಸ ಮೇಜಿನ ಮೇಲಿನ ಕಂಪ್ಯೂಟರ್‌ಗೆ ಇಳಿಯಿತು. 2003ರ ಆವೃತ್ತಿಯಲ್ಲಿ ಒಂದೊಂದೇ ಅಕ್ಷರವನ್ನು ಬೇರೆ ಬೇರೆಯಾಗಿ ಚಲಿಸುವ ಸೌಲಭ್ಯ ಸೇರಿತು. ಇನ್ನೊಂದು ಕಡೆ, ನೆದರ್‌ಲ್ಯಾಂಡ್ಸ್‌ನ ಟಾನ್ ರೂಸೆಂಡಾಲ್ ಕಟ್ಟಿದ ಬ್ಲೆಂಡರ್ ತಂತ್ರಾಂಶ ಮುಚ್ಚಿಹೋಗುವ ಸ್ಥಿತಿಯಲ್ಲಿತ್ತು. 2002ರಲ್ಲಿ ಬಳಕೆದಾರರೇ ಏಳು ವಾರದಲ್ಲಿ ಒಂದು ಲಕ್ಷ ಯೂರೊ ಕೂಡಿಸಿ ಅದನ್ನು ಬಿಡಿಸಿಕೊಂಡರು. ಇಂದು ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಟೆಕ್ಸ್ಟ್ ಸೇರಿಸಿ, ಎಕ್ಸ್‌ಟ್ರೂಡ್ ಎಂಬಲ್ಲಿ ಅಂಕಿ ಕೊಟ್ಟರೆ ಚಪ್ಪಟೆ ಅಕ್ಷರಕ್ಕೆ ಮರದಲ್ಲಿ ಕೆತ್ತಿದಂತೆ ದಪ್ಪ ಬರುತ್ತದೆ.

ಆದರೆ ಇವೆಲ್ಲ ಹುಟ್ಟಿದ್ದು ಇಂಗ್ಲಿಷ್ ಲೆಕ್ಕದಲ್ಲಿ. ಅಲ್ಲಿ ಅಕ್ಷರವೆಂದರೆ ಒಂದು ಡಬ್ಬಿ. ಡಬ್ಬಿಯ ಪಕ್ಕ ಡಬ್ಬಿ ಇಟ್ಟರೆ ಪದ. ಯಾವ ಡಬ್ಬಿಯನ್ನು ಎತ್ತಿದರೂ ಪಕ್ಕದ್ದು ಕದಲುವುದಿಲ್ಲ.

ಕನ್ನಡ ಡಬ್ಬಿಗೆ ಕೂರುವುದಿಲ್ಲ

"ಕರ್ನಾಟಕ" ಎಂಬ ಪದವನ್ನೇ ನೋಡಿ. ಓದುವ ನಮಗೆ ನಾಲ್ಕು ಅಕ್ಷರ: ಕ, ರ್ನಾ, ಟ, ಕ. ಕಂಪ್ಯೂಟರ್‌ ಒಳಗೆ ಅದು ಏಳು ಸಂಕೇತ: ಕ, ರ, ವಿರಾಮ ಚಿಹ್ನೆ, ನ, ಆ ಸ್ವರದ ಚಿಹ್ನೆ, ಟ, ಕ. ಅದರಲ್ಲೂ ಒಳಗೆ ಮೊದಲು ಬರುವ ರಕಾರ, ಪರದೆಯ ಮೇಲೆ ಅರ್ಕಾವತ್ತಾಗಿ "ನಾ" ದಾಟಿ ಆಚೆ ಹೋಗಿ ಕೂರಬೇಕು. ಒಂದೊಂದೇ ಸಂಕೇತ ತೋರಿಸು ಎಂದು ತಂತ್ರಾಂಶಕ್ಕೆ ಹೇಳಿದರೆ ಮೊದಲು "ಕ", ಆಮೇಲೆ "ಕರ", ಆಮೇಲೆ "ಕರ್", ಆಮೇಲೆ ಏಕಾಏಕಿ ರಕಾರ ಮಾಯವಾಗಿ "ಕರ್ನ". ನೋಡುವವರಿಗೆ ಅಕ್ಷರ ಮೂಡಿದಂತಲ್ಲ, ತಡವರಿಸಿದಂತೆ ಕಾಣುತ್ತದೆ.

ಮೊದಲು ನಮ್ಮವರು ಕಂಡುಕೊಂಡ ದಾರಿ ಬೇರೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಬಂದವು. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳನ್ನು ಡಿಟಿಪಿ ಅಂಗಡಿಯವರೆಲ್ಲ ಬಲ್ಲರು. ತಂತ್ರಾಂಶ ಇದು ಇಂಗ್ಲಿಷ್ ಎಂದೇ ತಿಳಿದು ಸುಮ್ಮನಿರುತ್ತಿತ್ತು, ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು. ಅದಕ್ಕೇ ಎಷ್ಟೋ ಅಂಗಡಿಗಳು ಇಂದಿಗೂ ಅವನ್ನು ಬಿಟ್ಟಿಲ್ಲ. ಆದರೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಹಾರಿಸಿದರೆ ತಾಯಿ ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ. ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಕಳಿಸಿದರೆ ಇಡೀ ಬರಹವೇ ಅರ್ಥವಿಲ್ಲದ ಇಂಗ್ಲಿಷ್.

1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೆ ಯೂನಿಕೋಡ್ ಕೊಟ್ಟದ್ದು ಸಂಕೇತ ಮಾತ್ರ. ಆ ಸಂಕೇತಗಳನ್ನು ಓದಿ, ಯಾವ ಒತ್ತು ಎಲ್ಲಿ ಕೂರಬೇಕೆಂದು ತೀರ್ಮಾನಿಸುವ ಇನ್ನೊಂದು ತಂತ್ರಾಂಶ ನಡುವೆ ಬೇಕು. ಹಾರ್ಫ್‌ಬಝ್ ಎಂಬುದು ಅಂಥದ್ದು. ಆಂಡ್ರಾಯ್ಡ್ ಫೋನಿನಲ್ಲಿ ನೀವು ಇದನ್ನು ಓದುತ್ತಿದ್ದರೆ, ಈ ಸಾಲಿನ ಒತ್ತುಗಳನ್ನು ಕೂರಿಸಿದ್ದು ಅದೇ. ಅನಿಮೇಷನ್ ತಂತ್ರಾಂಶಗಳು ಈ ಕೆಲಸವನ್ನು ಬಹಳ ತಡವಾಗಿ ಕಲಿತವು. ನಾವು ಬಳಸಿದ್ದರಲ್ಲಿ ಅದು ಇರಲೇ ಇಲ್ಲ. ಹಿರಿಯರ ಹೆಸರು ಮುರಿದದ್ದು ಅಲ್ಲಿ.

ನಾವು ಕಲಿತ ದಾರಿ

ಆಫ್ಟರ್ ಎಫೆಕ್ಟ್ಸ್‌ನ ಕೆಲವು ಆವೃತ್ತಿಗಳ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗೆಂದೇ ಒಂದು ಆಯ್ಕೆ ಇದೆ. ಅದನ್ನು ಆರಿಸಿಕೊಂಡರೆ ಒತ್ತು ಕೂಡುತ್ತದೆ. ದುಡ್ಡಿಲ್ಲದ ದಾರಿಯೂ ಇದೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ಯೂನಿಕೋಡ್ ಸರಿಯಾಗಿ ಮೂಡುತ್ತದೆ. ಅಲ್ಲಿ ಹೆಸರು ಬರೆದು, ಪಾತ್ ಆಗಿ ಬದಲಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ, ಬ್ಲೆಂಡರ್‌ಗೆ ತರಬೇಕು. ಒಂದೊಂದೇ ಅಕ್ಷರ ಮೂಡಬೇಕೆಂದರೆ "ರ್ನಾ" ಅಂಥದ್ದನ್ನು ಒಂದೇ ಗುಂಪಾಗಿ ಕಟ್ಟಿ ಆಮೇಲೆ ಚಲನೆ ಕೊಡಬೇಕು. ಅಷ್ಟಾದರೆ ಅಕ್ಷರ ಮತ್ತೆ ಚಿತ್ರವಾಗುತ್ತದೆ, ಸ್ಕ್ಯಾನಿಮೇಟ್ ಕಾಲದಂತೆ. ಒಂದು ಎಚ್ಚರಿಕೆ: ಪಾತ್ ಆದ ಮೇಲೆ ಕಾಗುಣಿತ ತಿದ್ದಲಾಗದು. ಬದಲಿಸುವ ಮೊದಲೇ ಎರಡು ಸಲ ಓದಿಕೊಳ್ಳಿ.

ಆ ವಿಡಿಯೊವನ್ನು ನಾವು ಹೀಗೇ ಮತ್ತೆ ಮಾಡಿ ಕಳಿಸಿದೆವು. ಮಗ ಹೆಚ್ಚೇನೂ ಹೇಳಲಿಲ್ಲ. ಸಂಜೆ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅದು ಕಂಡಿತು.

ಜಾತ್ರೆ, ಮದುವೆ, ನಾಮಕರಣ, ಶ್ರದ್ಧಾಂಜಲಿ ಎಲ್ಲಕ್ಕೂ ಈಗ ಹಳ್ಳಿಯ ಹುಡುಗರೇ ಫೋನಿನಲ್ಲಿ ವಿಡಿಯೊ ಮಾಡುತ್ತಾರೆ. ಅವರಿಗೆ ನಾವು ಹೇಳುವುದು ಇಷ್ಟೇ. ಬಣ್ಣ, ಹೊಳಪು, ಕುಣಿತ ಎಲ್ಲ ಆಮೇಲೆ ಆಗಲಿ. ಕಳಿಸುವ ಮೊದಲು ಆ ಮನೆಯವರೊಬ್ಬರಿಗೆ ತೋರಿಸಿ, ಹೆಸರನ್ನು ಬಾಯಿಬಿಟ್ಟು ಓದಿಸಿ. ಅವರು ತಡವರಿಸದೆ ಓದಿದರೆ ವಿಡಿಯೊ ಸರಿ ಇದೆ ಎಂದರ್ಥ.