ಬಂಜರಿನಲ್ಲಿ ತೋಡಿದ ಗುಳಿಗಳು



ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಉತ್ತರ ಭಾಗದಲ್ಲಿ ಯಟೆಂಗಾ ಎಂಬ ಸೀಮೆಯಿದೆ. ನಮ್ಮಂತೆಯೇ ಜೋಳ, ಸಜ್ಜೆಗಳನ್ನು ಉಣ್ಣುವ ನಾಡದು. 1980ರ ದಶಕದ ಆರಂಭದ ಬರದಲ್ಲಿ ಅಲ್ಲಿಯ ನೆಲ ಕಲ್ಲಿನಂತೆ ಬಿರುಸಾಯಿತು. ಬಿದ್ದ ಅಲ್ಪ ಮಳೆಯೂ ಇಂಗದೆ ಹರಿದುಹೋಯಿತು. ಅನೇಕ ಕುಟುಂಬಗಳು ಊರು ತೊರೆದವು.

ಆಗ ಪೇಟೆಯ ವ್ಯಾಪಾರವನ್ನು ಬಿಟ್ಟು ಹೊಲಕ್ಕೆ ಮರಳಿದವರು ಯಾಕುಬಾ ಸವಾಡೊಗೊ. ‘ಜಾಯ್’ ಎಂಬುದು ಅವರ ಹಿರಿಯರ ಗುಳಿ ಪದ್ಧತಿ. ನಮ್ಮ ಹಾವೇರಿ ಸೀಮೆಯ ಗುಳಿ ರಾಗಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಸವಾಡೊಗೊ ಅವರು ಗುಳಿಗಳನ್ನು ಹಿಗ್ಗಿಸಿ, ಬೇಸಿಗೆಯಲ್ಲಿಯೇ ತೋಡಿ, ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಬಂದ ಗೆದ್ದಲು ನೆಲವನ್ನು ಕೊರೆಯಿತು. ಆ ರಂಧ್ರಗಳಲ್ಲಿ ಮಳೆನೀರು ಇಂಗಿತು. ಅಡ್ಡಲಾಗಿ ಇಟ್ಟ ಕಲ್ಲುಸಾಲುಗಳು ಮಣ್ಣನ್ನು ತಡೆದವು. ಮಳೆಗಾಲಕ್ಕೆ ಮುನ್ನ ನೆಲ ಅಗೆದವರನ್ನು ಜನ ಹುಚ್ಚರೆಂದರು. ಅವರ ಗಿಡಗಳಿಗೆ ಬೆಂಕಿಯನ್ನೂ ಇಟ್ಟರು. ಆದರೆ ಬೆಳೆ ಬಂದಿತು. ಕ್ರಮೇಣ ಗುಳಿಗಳಲ್ಲಿ ಮರಗಳೂ ಎದ್ದು ಕಾಡಾಯಿತು. ತಮ್ಮನ್ನು ಹಳಿದವರಿಗೂ ಅವರು ಬೀಜ ಹಂಚಿ, ವಿದ್ಯೆ ಕಲಿಸಿದರು.

2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು, 2023ರಲ್ಲಿ ತೀರಿಕೊಂಡರು.

ಈ ಪದ್ಧತಿಗೆ ಯಂತ್ರ ಬೇಡ, ಆದರೆ ಒಂದು ಹೆಕ್ಟೇರಿಗೆ ನೂರಾರು ಗಂಟೆಗಳ ಮೈದುಡಿಮೆ ಬೇಕು. ದುಡಿಯುವ ತೋಳುಗಳಿಲ್ಲದ ಬಡಮನೆಗೆ ಅದು ಎಟುಕದು. ಆದುದರಿಂದ ಹಸಿವನ್ನು ನೀಗುವ ವಿದ್ಯೆಯೊಡನೆ ಆ ಹೊಲದಲ್ಲಿ ಕೈಜೋಡಿಸುವ ನೆರೆಯವರೂ ಇರಬೇಕಾಗುತ್ತದೆ.